ಸ್ಕಾಟ್ಲೆಂಡಿನವರು ಜಗತ್ತಿನ ಎಲ್ಲೆಡೆ ಕಾಣಿಸುವುದೇಕೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಉಗಿಯಂತ್ರದ ಜೇಮ್ಸ್ ವಾಟ್, ಅರ್ಥಶಾಸ್ತ್ರದ ಆಡಂ ಸ್ಮಿತ್, ದೂರವಾಣಿಯ ಗ್ರಹಾಂ ಬೆಲ್, ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್, ಬಳ್ಳಾರಿ ಸೀಮೆಯಲ್ಲಿ ಇಂದಿಗೂ ನೆನಪಿನಲ್ಲಿರುವ ಥಾಮಸ್ ಮನ್ರೋ, ಇವರೆಲ್ಲರೂ ಸ್ಕಾಟ್ಲೆಂಡಿನವರೆಂದು ಪಾಠದಲ್ಲಿ ಹೇಳಿದಾಗ, ಕರ್ನಾಟಕದ ಅರ್ಧದಷ್ಟೂ ಇಲ್ಲದ ನಾಡಿನಿಂದ ಇಷ್ಟು ಜನ ಹೇಗೆ ಬಂದರೆಂದು ವಿದ್ಯಾರ್ಥಿಯೊಬ್ಬ ಕೇಳಿದ. ಈ ಖ್ಯಾತಿಯಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆ ಎಷ್ಟು? ನಮ್ಮ ಕರ್ನಾಟಕಕ್ಕೂ ಅವರಿಗೂ ಇರುವ ಸಂಬಂಧವೇನು?

ಉತ್ತರ: ಮೊದಲು ಪಟ್ಟಿಯನ್ನೇ ಸ್ವಲ್ಪ ಪರಿಶೀಲಿಸಬೇಕು. ವಾಟ್ ಉಗಿಯಂತ್ರವನ್ನು ಹೊಸದಾಗಿ ಕಂಡುಹಿಡಿದವನಲ್ಲ. ಇಂಗ್ಲೆಂಡಿನ ನ್ಯೂಕಮನ್ 1712ರಲ್ಲೇ ಗಣಿಯ ನೀರೆತ್ತುವ ಯಂತ್ರವನ್ನು ನಡೆಸಿ ತೋರಿಸಿದ್ದ, ವಾಟ್ ಅದನ್ನು ಆಮೂಲಾಗ್ರವಾಗಿ ಸುಧಾರಿಸಿದ. ಬೆಲ್ 1847ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದರೂ ದೂರವಾಣಿಯ ಕೆಲಸ ನಡೆದದ್ದು ಅಮೆರಿಕದ ಬಾಸ್ಟನ್ನಿನಲ್ಲಿ. ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಗುರುತಿಸಿದ್ದು ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ. ಅದನ್ನು ರೋಗಿಗೆ ಕೊಡಬಹುದಾದ ಔಷಧವನ್ನಾಗಿ ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು. ಈ ತಿದ್ದುಪಡಿಗಳಿಂದ ಯಾರ ಹಿರಿಮೆಯೂ ಕುಗ್ಗುವುದಿಲ್ಲ, ಆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಹೆಸರು ಮಾಡಿದ್ದು ಹೊರಗೆ. ನಿಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಸ್ಕಾಟಿಷರ ಪ್ರಭಾವವನ್ನು ಯಾವುದೋ ಹುಟ್ಟುಗುಣದಿಂದ ವಿವರಿಸುವುದನ್ನು ನಾನು ಒಪ್ಪುವುದಿಲ್ಲ. ಬಡನಾಡೊಂದು ತನಗೆ ಬೇಕಾದುದಕ್ಕಿಂತ ಹೆಚ್ಚು ಓದುಬರಹ ಬಲ್ಲವರನ್ನು ತಯಾರಿಸಿತು, ಅವರಿಗೆ ಕೊಡಲು ಅದರ ಬಳಿ ಕೆಲಸವಿರಲಿಲ್ಲ, ಅದೇ ಹೊತ್ತಿಗೆ ಒಂದು ದೊಡ್ಡ ಸಾಮ್ರಾಜ್ಯದ ಬಾಗಿಲು ತೆರೆಯಿತು. ಈ ಮೂರೂ ಕೂಡಿದ್ದರಿಂದಲೇ ಜಗತ್ತಿಗೆ ಅವರ ವಿದ್ಯೆಯೂ ತಲುಪಿತು, ಅವರ ದಬ್ಬಾಳಿಕೆಯೂ ತಲುಪಿತು.

ಶಾಲೆಗಳಿಂದ ಆರಂಭಿಸೋಣ. 1560ರಲ್ಲಿ ಜಾನ್ ನಾಕ್ಸ್ ಮತ್ತು ಅವನ ಜೊತೆಗಾರರು ಸ್ಕಾಟ್ಲೆಂಡಿನ ಚರ್ಚನ್ನು ರೋಮಿನಿಂದ ಬೇರ್ಪಡಿಸಿದಾಗ ಪ್ರತಿಯೊಂದು ಪ್ಯಾರಿಷ್‌ನಲ್ಲೂ, ಅಂದರೆ ಚರ್ಚಿನ ಆಡಳಿತಕ್ಕೆ ಸೇರಿದ ಪ್ರತಿ ಹಳ್ಳಿಗುಂಪಿನಲ್ಲೂ, ಒಂದು ಶಾಲೆ ಇರಬೇಕೆಂದು ಯೋಜಿಸಿದರು. ಉದ್ದೇಶ ಶುದ್ಧ ಧಾರ್ಮಿಕವಾದದ್ದು: ಪಾದ್ರಿಯ ಮಾತನ್ನು ಕೇಳಿ ನಂಬುವ ಬದಲು ಪ್ರತಿಯೊಬ್ಬರೂ ಬೈಬಲ್ಲನ್ನು ತಾವೇ ಓದಬೇಕು. ಹಣವಿಲ್ಲದೆ ಯೋಜನೆ ದೀರ್ಘಕಾಲ ಕುಂಟಿತು. ಕೊನೆಗೆ 1696ರ ಕಾಯಿದೆ ಪ್ರತಿ ಪ್ಯಾರಿಷ್‌ನ ಭೂಮಾಲೀಕರು ಶಾಲಾ ಕಟ್ಟಡಕ್ಕೂ ಮೇಷ್ಟರ ಸಂಬಳಕ್ಕೂ ಹಣ ಕೊಡಲೇಬೇಕೆಂದು ವಿಧಿಸಿತು. ಉತ್ತರದ ಗುಡ್ಡಗಾಡಿನಲ್ಲಿ, ಗೇಲಿಕ್ ನುಡಿಯಾಡುವ ಜನರ ನಡುವೆ ಶಾಲೆಗಳು ವಿರಳವಾಗಿದ್ದವು, ಹೆಣ್ಣುಮಕ್ಕಳು ಹಿಂದುಳಿದರು ಎಂಬುದನ್ನು ಮರೆಯಬಾರದು. ಆದರೂ ದಕ್ಷಿಣದ ತಗ್ಗುನಾಡಿನ ರೈತನ ಮಗ ಓದು, ಬರಹ, ಲೆಕ್ಕ ಕಲಿತು, ಚುರುಕಾಗಿದ್ದರೆ ಲ್ಯಾಟಿನ್ನನ್ನೂ ಕಲಿತು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವುದು ಅಲ್ಲಿ ಅಪರೂಪದ ಮಾತಾಗಿರಲಿಲ್ಲ.

ವಿಶ್ವವಿದ್ಯಾಲಯಗಳ ಕಥೆಯಂತೂ ಇನ್ನೂ ಸ್ವಾರಸ್ಯಕರವಾಗಿದೆ. 1593ರ ಹೊತ್ತಿಗೆ ಸೇಂಟ್ ಆಂಡ್ರೂಸ್, ಗ್ಲಾಸ್ಗೋ, ಎಡಿನ್‌ಬರೋಗಳಲ್ಲಿ ಒಂದೊಂದು, ಅಬರ್ಡೀನ್‌ನಲ್ಲಿ ಎರಡು, ಹೀಗೆ ಈ ಸಣ್ಣ ದೇಶದಲ್ಲಿ ಐದು ಉನ್ನತ ವಿದ್ಯಾಕೇಂದ್ರಗಳಿದ್ದವು. ಐದು ಪಟ್ಟು ಜನಸಂಖ್ಯೆಯ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಎರಡೇ. ಇಂಗ್ಲೆಂಡಿನ ಚರ್ಚಿಗೆ ಸೇರದವರಿಗೆ ಆ ಎರಡೂ ಕಡೆ ಪದವಿ ಸಿಗುತ್ತಿರಲಿಲ್ಲ, ಖರ್ಚೂ ವಿಪರೀತ. ಸ್ಕಾಟ್ಲೆಂಡಿನಲ್ಲಿ ಶುಲ್ಕ ಕಡಿಮೆಯಿತ್ತು, ಪ್ರಾಧ್ಯಾಪಕರ ಆದಾಯದ ಒಂದು ಪಾಲು ವಿದ್ಯಾರ್ಥಿಗಳು ನೇರವಾಗಿ ಕೊಡುವ ಶುಲ್ಕದಿಂದ ಬರುತ್ತಿದ್ದುದರಿಂದ ಚೆನ್ನಾಗಿ ಪಾಠ ಹೇಳದವರ ತರಗತಿ ಖಾಲಿಯಾಗುತ್ತಿತ್ತು. ಗ್ಲಾಸ್ಗೋದ ಫ್ರಾನ್ಸಿಸ್ ಹಚಿಸನ್ 1730ರ ನಂತರ ಲ್ಯಾಟಿನ್ ಬಿಟ್ಟು ಜನರಾಡುವ ಇಂಗ್ಲಿಷಿನಲ್ಲೇ ತತ್ತ್ವಶಾಸ್ತ್ರ ಬೋಧಿಸಿದ. ಅವನ ವಿದ್ಯಾರ್ಥಿಯೇ ಆಡಂ ಸ್ಮಿತ್.

ಇಷ್ಟೆಲ್ಲ ಓದಿದವರಿಗೆ ನಾಡಿನಲ್ಲಿ ಬದುಕಿರಲಿಲ್ಲ. ಜಮೀನು ಬಡವು, ವ್ಯಾಪಾರ ಸಣ್ಣದು. 1698ರಲ್ಲಿ ಪನಾಮದ ಡೇರಿಯನ್ ತೀರದಲ್ಲಿ ತಮ್ಮದೇ ವಸಾಹತು ಕಟ್ಟಲು ಸ್ಕಾಟಿಷರು ದೇಶದ ಉಳಿತಾಯದ ದೊಡ್ಡ ಭಾಗವನ್ನೇ ಹೂಡಿ ಹಡಗುಗಳನ್ನು ಕಳುಹಿಸಿದರು. ಜ್ವರ, ಹಸಿವು, ಸ್ಪೇನಿನ ದಾಳಿಗಳಿಗೆ ಸಿಕ್ಕಿ ಸುಮಾರು 2000 ಜನ ಸತ್ತರು, 1700ರಲ್ಲಿ ವಸಾಹತು ಮುಚ್ಚಿಹೋಯಿತು, ಹಣವೆಲ್ಲ ನೀರುಪಾಲಾಯಿತು. 1707ರಲ್ಲಿ ಸ್ಕಾಟ್ಲೆಂಡ್ ತನ್ನ ಸಂಸತ್ತನ್ನು ವಿಸರ್ಜಿಸಿ ಇಂಗ್ಲೆಂಡಿನೊಡನೆ ಒಂದಾಗಲು ಒಪ್ಪಿದ್ದರ ಹಿಂದೆ ಈ ದಿವಾಳಿತನದ ಪಾತ್ರ ದೊಡ್ಡದಿತ್ತು. ನಷ್ಟ ಭರಿಸಲು ಇಂಗ್ಲೆಂಡ್ ಸುಮಾರು 4 ಲಕ್ಷ ಪೌಂಡ್ ಕೊಟ್ಟಿತು. ಸ್ಕಾಟಿಷರು ತಮ್ಮ ಚರ್ಚು, ಕಾನೂನು, ಶಾಲೆಗಳನ್ನು ಉಳಿಸಿಕೊಂಡು ರಾಜಕೀಯ ಸ್ವಾತಂತ್ರ್ಯ ಕಳೆದುಕೊಂಡರು, ಅದರ ಬದಲಿಗೆ ಇಂಗ್ಲೆಂಡಿನ ವಸಾಹತುಗಳಲ್ಲಿ ವ್ಯಾಪಾರ ಮಾಡುವ, ನೌಕರಿ ಹಿಡಿಯುವ ಹಕ್ಕು ಪಡೆದರು.

ವಿದ್ಯೆ ಒಂದೆಡೆ, ಬಂಡವಾಳ ಇನ್ನೊಂದೆಡೆ ಎಂಬ ಸ್ಥಿತಿಯನ್ನು ವಾಟ್‌ನ ಉದಾಹರಣೆಯಿಂದ ಸ್ಪಷ್ಟವಾಗಿ ತಿಳಿಯಬಹುದು. ತರಗತಿಯಲ್ಲಿ ಇದನ್ನು ವಿವರವಾಗಿಯೇ ಹೇಳಿ. 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ತನ್ನ ಆವರಣದಲ್ಲೇ ಈ ಇಪ್ಪತ್ತೊಂದು ವರ್ಷದ ತರುಣನಿಗೆ ಉಪಕರಣಗಳನ್ನು ಮಾಡುವ, ದುರಸ್ತಿ ಮಾಡುವ ಕೋಣೆಯೊಂದನ್ನು ಕೊಟ್ಟಿತು. 1763ರ ಚಳಿಗಾಲದಲ್ಲಿ ಪಾಠಕ್ಕೆ ಬಳಸುತ್ತಿದ್ದ ನ್ಯೂಕಮನ್ ಯಂತ್ರದ ಸಣ್ಣ ಮಾದರಿಯೊಂದು ಅವನ ಕೈಗೆ ದುರಸ್ತಿಗೆ ಬಂತು. ಅದು ಕೆಲವೇ ಏಟುಗಳ ನಂತರ ಆವಿ ಸಾಲದೆ ನಿಂತುಬಿಡುತ್ತಿತ್ತು. ಏಕೆಂದು ಅಳೆಯುತ್ತ ಹೋದ ವಾಟ್‌ಗೆ ಕಂಡದ್ದಿಷ್ಟು: ಸಿಲಿಂಡರಿನೊಳಗೆ ಆವಿ ತುಂಬಿದ ಮೇಲೆ ಅದನ್ನು ನೀರಾಗಿಸಲು ತಣ್ಣೀರು ಚಿಮುಕಿಸುತ್ತಾರೆ, ಆಗ ಲೋಹವೂ ತಣ್ಣಗಾಗುತ್ತದೆ, ಮುಂದಿನ ಸಲ ಬರುವ ಆವಿಯ ಬಹುಪಾಲು ಆ ಲೋಹವನ್ನು ಮತ್ತೆ ಬಿಸಿ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಅದೇ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಬ್ಲ್ಯಾಕ್ ಆವಿಯೊಳಗೆ ಅಡಗಿರುವ ಗುಪ್ತೋಷ್ಣದ ಬಗ್ಗೆ ಪಾಠ ಹೇಳುತ್ತಿದ್ದ, ಇಬ್ಬರೂ ಸ್ನೇಹಿತರು. 1765ರಲ್ಲಿ ಊರಿನ ಬಯಲಿನಲ್ಲಿ ನಡೆದುಹೋಗುತ್ತಿದ್ದಾಗ ವಾಟ್‌ಗೆ ದಾರಿ ಹೊಳೆಯಿತು: ಆವಿಯನ್ನು ತಣಿಸಲು ಬೇರೆಯದೇ ಪಾತ್ರೆಯಿಟ್ಟರೆ ಸಿಲಿಂಡರ್ ಸದಾ ಬಿಸಿಯಾಗಿರುತ್ತದೆ, ಕಲ್ಲಿದ್ದಲು ಉಳಿತಾಯವಾಗುತ್ತದೆ. 1769ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ನುಣುಪಾದ ಸಿಲಿಂಡರ್ ಕೊರೆಯುವ ಕುಶಲಿಗರು, ವರ್ಷಗಟ್ಟಲೆ ಕಾಯಬಲ್ಲ ಹಣ ಎರಡೂ ಸಿಕ್ಕಿದ್ದು ಅವನು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್ ಜೊತೆ 1775ರಲ್ಲಿ ಪಾಲುದಾರನಾದ ಮೇಲೆಯೇ. ಯೋಚನೆ ಗ್ಲಾಸ್ಗೋದಲ್ಲಿ ಹುಟ್ಟಿ ಕಾರ್ಖಾನೆ ಇಂಗ್ಲೆಂಡಿನಲ್ಲಿ ಎದ್ದಿತು.

ಎಡಿನ್‌ಬರೋದಲ್ಲಿ 1726ರಲ್ಲಿ ಆರಂಭವಾದ ವೈದ್ಯಕೀಯ ವಿಭಾಗದ ಪ್ರಭಾವ ಇನ್ನೂ ದೂರ ಹಬ್ಬಿತು. ಅಮೆರಿಕದ ವಸಾಹತುಗಳಿಂದ ಬಂದು ಅಲ್ಲಿ ಓದಿದ ಜಾನ್ ಮಾರ್ಗನ್ ಮತ್ತು ವಿಲಿಯಂ ಶಿಪ್ಪೆನ್ 1765ರಲ್ಲಿ ಫಿಲಡೆಲ್ಫಿಯದಲ್ಲಿ ಆ ದೇಶದ ಮೊದಲ ವೈದ್ಯಕೀಯ ಶಾಲೆಯನ್ನು ತೆರೆದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಬೆಂಜಮಿನ್ ರಶ್ ಎಡಿನ್‌ಬರೋದ ವೈದ್ಯ ಪದವೀಧರ, ಇನ್ನೊಬ್ಬ ಸಹಿದಾರ ಜಾನ್ ವಿದರ್‌ಸ್ಪೂನ್ ಸ್ಕಾಟ್ಲೆಂಡಿನಿಂದ ಹೋಗಿ ಪ್ರಿನ್ಸ್‌ಟನ್ ಕಾಲೇಜಿನ ಮುಖ್ಯಸ್ಥನಾಗಿದ್ದ ಪಾದ್ರಿ. 1847ರಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಬಳಸಿದ್ದು ಇದೇ ಊರಿನಲ್ಲಿ. ಭೂಮಿಯ ವಯಸ್ಸು ಊಹೆಗೂ ನಿಲುಕದಷ್ಟು ದೀರ್ಘವೆಂದು ಕಲ್ಲುಪದರಗಳಿಂದ ತೋರಿಸಿದ ಜೇಮ್ಸ್ ಹಟನ್, ವಿದ್ಯುತ್ತು ಕಾಂತತ್ವ ಬೆಳಕುಗಳನ್ನು ಒಂದೇ ಸಿದ್ಧಾಂತದಡಿ ತಂದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇವರ ಬಗ್ಗೆ ವಿಜ್ಞಾನದ ಶಿಕ್ಷಕರು ನನಗಿಂತ ಚೆನ್ನಾಗಿ ಹೇಳಬಲ್ಲರು. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಮ್ಯಾಕ್ಸ್‌ವೆಲ್‌ನದೇ ಅತ್ಯಂತ ಆಳವಾದ ಕೊಡುಗೆ. ರೇಡಿಯೋದಿಂದ ಮೊಬೈಲ್‌ವರೆಗೆ ಎಲ್ಲವೂ ಅವನ ಸಮೀಕರಣಗಳ ಮೇಲೆ ನಿಂತಿವೆ.

ಇನ್ನೊಂದು ಮುಖವನ್ನು ಪಾಠದಲ್ಲಿ ಬಿಡಬಾರದೆಂದು ನಿಮ್ಮಲ್ಲಿ ವಿನಂತಿಸುತ್ತೇನೆ. ಗ್ಲಾಸ್ಗೋದ ವೈಭವಕ್ಕೆ ತಳಪಾಯ ಹಾಕಿದ್ದು ವರ್ಜೀನಿಯದಲ್ಲಿ ಗುಲಾಮರು ಬೆಳೆದ ಹೊಗೆಸೊಪ್ಪು ಮತ್ತು ಕೆರಿಬಿಯನ್ ದ್ವೀಪಗಳ ಸಕ್ಕರೆ. ಜಮೈಕಾ ಬೀದಿ, ವರ್ಜೀನಿಯ ಬೀದಿ ಎಂಬ ಹೆಸರುಗಳು ಆ ಊರಿನಲ್ಲಿ ಈಗಲೂ ಇವೆ. 1792ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಾತೆತ್ತಿದಾಗ 'ಕ್ರಮೇಣ' ಎಂಬ ಪದವನ್ನು ಸೇರಿಸಿದವನು ಎಡಿನ್‌ಬರೋದ ರಾಜಕಾರಣಿ ಹೆನ್ರಿ ಡಂಡಾಸ್. ವ್ಯಾಪಾರ 1807ರವರೆಗೂ ಮುಂದುವರಿಯಿತು. ಭಾರತಕ್ಕೆ ಸಂಬಂಧಿಸಿದ ನೇಮಕಗಳಲ್ಲಿ ತನ್ನ ನಾಡಿನವರಿಗೆ ಧಾರಾಳವಾಗಿ ದಾರಿ ಮಾಡಿಕೊಟ್ಟವನೂ ಇವನೇ. ಚೀನಕ್ಕೆ ಅಫೀಮು ಸಾಗಿಸಿ ಶ್ರೀಮಂತರಾದ ವಿಲಿಯಂ ಜಾರ್ಡಿನ್ ಮತ್ತು ಜೇಮ್ಸ್ ಮ್ಯಾಥಸನ್ ಸ್ಕಾಟಿಷರು. ಆ ಅಫೀಮು ಬೆಳೆದದ್ದು ಭಾರತದ ಹೊಲಗಳಲ್ಲಿ. ಬಂಗಾಳದ ಸೆಣಬು ಸ್ಕಾಟ್ಲೆಂಡಿನ ಡಂಡೀ ನಗರಕ್ಕೆ ಹೋಗಿ, ತಿಮಿಂಗಿಲದ ಎಣ್ಣೆಯಲ್ಲಿ ಮೆದುವಾಗಿ, ಗೋಣಿಬಟ್ಟೆಯಾಗಿ ಜಗತ್ತಿಗೆ ಮಾರಾಟವಾಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯವೇ ಗುಲಾಮಗಿರಿಯ ಹಣದಿಂದ ತನಗಾದ ಲಾಭವನ್ನು 2018ರ ವರದಿಯಲ್ಲಿ ಒಪ್ಪಿಕೊಂಡು, ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ 2 ಕೋಟಿ ಪೌಂಡ್‌ಗಳ ಸಹಯೋಗಕ್ಕೆ ಸಹಿ ಹಾಕಿತು.

ಹೊರಗೆ ಹೋದವರೆಲ್ಲ ಅವಕಾಶ ಹುಡುಕಿ ಹೋದವರೂ ಅಲ್ಲ. ಉತ್ತರದ ಗುಡ್ಡನಾಡಿನಲ್ಲಿ 18ನೇ ಶತಮಾನದ ಕೊನೆಯಿಂದ ಭೂಮಾಲೀಕರು ಕುರಿ ಸಾಕಣೆಗಾಗಿ ಒಕ್ಕಲುಗಳನ್ನು ಎಬ್ಬಿಸಿ ಓಡಿಸಿದರು. ಸದರ್‌ಲೆಂಡ್ ಸೀಮೆಯಲ್ಲಿ 1814ರಲ್ಲೂ 1819ರಲ್ಲೂ ಮನೆಗಳ ಮಾಡಿಗೆ ಬೆಂಕಿಯಿಟ್ಟು ಜನರನ್ನು ಹೊರಹಾಕಲಾಯಿತು. ಅವರಲ್ಲಿ ಬಹಳಷ್ಟು ಕುಟುಂಬಗಳು ಕೆನಡ, ಆಸ್ಟ್ರೇಲಿಯಗಳ ಹಡಗು ಹತ್ತಿದವು. ನೋವಿನ ಸಂಗತಿಯೆಂದರೆ, ಅಲ್ಲಿ ಇದೇ ಗುಡ್ಡನಾಡಿನವರು ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದರು. ಸ್ಕೈ ದ್ವೀಪದಲ್ಲಿ ಹುಟ್ಟಿದ ಆಂಗಸ್ ಮ್ಯಾಕ್‌ಮಿಲನ್ 1840ರ ದಶಕದಲ್ಲಿ ಆಸ್ಟ್ರೇಲಿಯದ ಗಿಪ್ಸ್‌ಲೆಂಡ್‌ನಲ್ಲಿ ಗುನೈಕುರ್ನೈ ಜನರ ಹತ್ಯಾಕಾಂಡಗಳಲ್ಲಿ ಭಾಗಿಯಾದವನು.

ಈಗ ಕರ್ನಾಟಕದ ಮಾತು. ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿಗಳನ್ನೆಲ್ಲ ಸ್ಕಾಟಿಷರ ಲೆಕ್ಕಕ್ಕೆ ಸೇರಿಸಬಾರದು. ಬೆಂಗಳೂರಿನವರಿಗೆ ಚಿರಪರಿಚಿತನಾದ ಮಾರ್ಕ್ ಕಬ್ಬನ್ ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಮ್ಯಾನ್ ದ್ವೀಪದವನು. ಆದರೂ ಸ್ಕಾಟಿಷರ ಪಾಲು ಅವರ ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಹೆಚ್ಚು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸೋತು ಸೆರೆಸಿಕ್ಕ ಕರ್ನಲ್ ವಿಲಿಯಂ ಬೈಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ 1782ರಲ್ಲಿ ತೀರಿಕೊಂಡ. ಅವನ ಸ್ಮಾರಕ ಹೈದರ್ ಮತ್ತು ಟಿಪ್ಪುವಿನ ಸಮಾಧಿಯಿರುವ ಗುಂಬಜ್‌ನ ಸಮೀಪದಲ್ಲಿದೆ. ಅದೇ ಕಾಳಗದಲ್ಲಿ ಸೆರೆಯಾಗಿ ವರ್ಷಗಟ್ಟಲೆ ಸಂಕೋಲೆಯಲ್ಲಿದ್ದ ಡೇವಿಡ್ ಬೇರ್ಡ್, 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳಾಗಿದ್ದ. ಇಬ್ಬರೂ ಸ್ಕಾಟಿಷರು.

ಯುದ್ಧ ಮುಗಿದ ಮೇಲೆ ಬಂದವರ ಕೆಲಸ ಹೆಚ್ಚು ಕಾಲ ಬಾಳಿತು. ಎಡಿನ್‌ಬರೋದ ವೈದ್ಯವಿದ್ಯೆಯಲ್ಲಿ ಸಸ್ಯಶಾಸ್ತ್ರವೂ ಪಾಠದ ಭಾಗವಾಗಿತ್ತು. ಹಾಗಾಗಿ ಅಲ್ಲಿಂದ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಬಂದ ವೈದ್ಯರು ಗಿಡ, ಮಣ್ಣು, ಬೆಳೆಗಳನ್ನು ಗಮನಿಸಿ ಬರೆದಿಡುವ ಅಭ್ಯಾಸ ಹೊತ್ತೇ ಬಂದರು. ಅವರಲ್ಲೊಬ್ಬನಾದ ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರ್‌ಗಳನ್ನು ಸುತ್ತಿ ರಾಗಿ ಭತ್ತಗಳ ಬೇಸಾಯದಿಂದ ನೇಕಾರರ ಮಗ್ಗದವರೆಗೆ, ಕಬ್ಬಿಣ ಕರಗಿಸುವ ಕುಲುಮೆಯಿಂದ ಗೇಣಿಯ ಕರಾರಿನವರೆಗೆ ದಾಖಲಿಸಿದ. ನಿಮ್ಮ ಶಿವಮೊಗ್ಗದಲ್ಲಿಯೇ 1840ರ ದಶಕದಲ್ಲಿ ಕೆಲಸ ಮಾಡಿದ ಹ್ಯೂ ಕ್ಲೆಘಾರ್ನ್ ಕೂಡ ಅದೇ ಶಾಲೆಯ ವೈದ್ಯ. ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ನಿಯಮ ಇಟ್ಟುಕೊಂಡು, ಸ್ಥಳೀಯ ಕಲಾವಿದನಿಂದ ಅವುಗಳ ಚಿತ್ರ ಬರೆಯಿಸಿದ. ಕಾಡು ಕಡಿಯುವುದರಿಂದಾಗುವ ಹಾನಿಯ ಬಗ್ಗೆ 1851ರಲ್ಲಿ ವರದಿ ಮಂಡಿಸಿ, 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಅರಣ್ಯ ರಕ್ಷಣೆಗೆ ಇದು ಉಪಕಾರವಾಯಿತು. ಆದರೆ ಮಲೆನಾಡು ಕರಾವಳಿಗಳಲ್ಲಿ ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಬೆಳೆಯುವ ಕುಮರಿ ಬೇಸಾಯಗಾರರನ್ನು ಕಾಡಿನ ಶತ್ರುಗಳೆಂದು ಕಂಡು ಅವರ ಬದುಕಿಗೆ ತಡೆಯೊಡ್ಡುವ ನೀತಿಯೂ ಇದರ ಜೊತೆಗೇ ಬಂತು, ರೈಲುಹಳಿಯ ಅಡಿದಿಮ್ಮಿಗಳಿಗಾಗಿ ಸರ್ಕಾರವೇ ಮರ ಕಡಿಸುವುದು ಮಾತ್ರ ನಿಲ್ಲಲಿಲ್ಲ.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನವನಾದ ಕಾಲಿನ್ ಮೆಕೆಂಜಿ ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಭೂಮಾಪನ ನಡೆಸಿದ. ಹಂಪೆಯ ಅವಶೇಷಗಳ ಮೊದಲ ನಕ್ಷೆಯೂ ಅವನದೇ. ಅಳತೆಯ ಜೊತೆಜೊತೆಗೆ ಶಾಸನಗಳ ಪ್ರತಿ, ಹಸ್ತಪ್ರತಿ, ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ಚರಿತ್ರೆಯ ಬರಹಗಳನ್ನು, ಸಂಗ್ರಹಿಸಿದ. ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಮೆಕೆಂಜಿಗೆ ನಮ್ಮ ಭಾಷೆಗಳು ಸರಿಯಾಗಿ ಬರುತ್ತಿರಲಿಲ್ಲ. ಕಾವಲಿ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಬಲ್ಲ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಇಂಥವರು ಊರೂರು ತಿರುಗಿ, ಗೌಡ ಶಾನುಭೋಗರ ಮನ ಒಲಿಸಿ, ಕಲ್ಲುಬರಹ ಓದಿ ಬರೆದುಕೊಟ್ಟದ್ದರಿಂದಲೇ ಆ ಸಂಗ್ರಹ ಬೆಳೆಯಿತು. ಅದು ಮೆಕೆಂಜಿಯ ಹೆಸರಿನಲ್ಲಿ ಉಳಿದಿರುವುದು ನ್ಯಾಯವಲ್ಲವೆಂದು ನನಗೆ ಅನ್ನಿಸುತ್ತದೆ.

ಎಡಿನ್‌ಬರೋದಲ್ಲಿ ಹುಟ್ಟಿದ ವಾಲ್ಟರ್ ಎಲಿಯಟ್‌ನ ಕಥೆ ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ್ದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ, ಅವನ ಸಹಾಯಕನಾಗಿದ್ದ ಇಪ್ಪತ್ತೊಂದು ವರ್ಷದ ಎಲಿಯಟ್ ಸ್ಟೀವನ್‌ಸನ್ ಎಂಬ ಇನ್ನೊಬ್ಬ ಅಧಿಕಾರಿಯೊಡನೆ ಸೆರೆಸಿಕ್ಕ. ರಾಣಿ ಚೆನ್ನಮ್ಮನ ಆಳುಗಳು ಅವರಿಗೆ ಕೇಡು ಮಾಡಲಿಲ್ಲ, ಡಿಸೆಂಬರ್ ಮೊದಲಲ್ಲಿ ಬಿಡುಗಡೆ ಮಾಡಿದರು. ಬ್ರಿಟಿಷರು ಅದಾದ ಮೇಲೆ ಕೋಟೆಗೆ ಮುತ್ತಿಗೆ ಹಾಕಿ ರಾಣಿಯನ್ನೇ ಸೆರೆಯಲ್ಲಿಟ್ಟರು. ಎಲಿಯಟ್ ಮುಂದೆ ಸುಮಾರು ಹತ್ತು ವರ್ಷ ಅದೇ ಸೀಮೆಯಲ್ಲಿದ್ದು, ಕನ್ನಡ ನಾಡಿನ ಆರುನೂರರ ಸಮೀಪ ಶಾಸನಗಳನ್ನು ಪ್ರತಿ ಮಾಡಿಸಿದ. ಚಾಲುಕ್ಯರ ವಂಶಾವಳಿಯನ್ನು ಶಾಸನಗಳ ಆಧಾರದ ಮೇಲೆ ಜೋಡಿಸಿದ ಅವನ ಲೇಖನ 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಮುಂದೆ ಶಾಸನತಜ್ಞ ಫ್ಲೀಟ್ ಮೊದಲಾದವರು ಅದೇ ದಾರಿಯಲ್ಲಿ ಸಾಗಿದರು. ಕಡತಗಳಲ್ಲೆಲ್ಲ ಮರಾಠಿಯೇ ತುಂಬಿದ್ದ ಕಾಲದಲ್ಲಿ ಧಾರವಾಡ ಸೀಮೆಯಲ್ಲಿ ಕನ್ನಡದ ಕಲಿಕೆಗೆ ಒತ್ತಾಸೆಯಾಗಿ ನಿಂತ ಅಧಿಕಾರಿಗಳಲ್ಲಿ ಅವನೂ ಒಬ್ಬ.

ಕೊನೆಯದಾಗಿ ನೀವು ಹೆಸರಿಸಿದ ಮನ್ರೋ. 1761ರಲ್ಲಿ ಗ್ಲಾಸ್ಗೋದ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿ, 1780ರಲ್ಲಿ ಸೈನಿಕನಾಗಿ ಮದ್ರಾಸಿಗೆ ಬಂದವನು. 1799ರಲ್ಲಿ ಕೆನರಾದ, 1800ರಿಂದ ಬಳ್ಳಾರಿಯೂ ಸೇರಿದಂತೆ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ದತ್ತ ಜಿಲ್ಲೆಗಳ ಆಡಳಿತ ನಡೆಸಿ, ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ ಸರ್ಕಾರವೇ ರೈತನೊಡನೆ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಬೆಳೆಸಿದ. ಕಂದಾಯದ ದರ ಭಾರವಾಗಿತ್ತು. ಅದನ್ನು ನಾಲ್ಕನೆಯ ಒಂದು ಭಾಗದಷ್ಟು ಇಳಿಸಬೇಕೆಂದು 1807ರಲ್ಲಿ ಅವನೇ ಶಿಫಾರಸು ಮಾಡಿದರೂ ಮೇಲಿನವರು ಆಗ ಒಪ್ಪಲಿಲ್ಲ. 1820ರಲ್ಲಿ ಮದ್ರಾಸಿನ ಗವರ್ನರ್ ಆದ ಮೇಲೆ ಅವನು ಮಾಡಿದ ಒಂದು ಕೆಲಸ, ಪ್ಯಾರಿಷ್ ಶಾಲೆಗಳ ನಾಡಿನಿಂದ ಬಂದವನಿಗೆ ತಕ್ಕುದಾಗಿತ್ತು. ಪ್ರಾಂತ್ಯದಲ್ಲಿ ಊರವರೇ ನಡೆಸುವ ಶಾಲೆಗಳೆಷ್ಟು, ಮಕ್ಕಳೆಷ್ಟು ಎಂದು 1822ರಲ್ಲಿ ಎಲ್ಲ ಕಲೆಕ್ಟರುಗಳಿಂದ ಲೆಕ್ಕ ತರಿಸಿದ. ಒಟ್ಟು 12,498 ಶಾಲೆಗಳಿರುವುದು ತಿಳಿಯಿತು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿಯಲ್ಲಿ ತನ್ನ ಜಿಲ್ಲೆಯ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಎಣಿಸಿದ್ದಲ್ಲದೆ, ಹಿಂದೆ ಶಾಲೆಗಳು ಹೆಚ್ಚಿದ್ದವೆಂದೂ, ವಿಲಾಯಿತಿ ಬಟ್ಟೆ ಬಂದು ನೇಕಾರಿಕೆ ಕುಸಿದು ನಾಡು ಬಡವಾದದ್ದರಿಂದ ತಂದೆತಾಯಿಗಳಿಗೆ ಮಕ್ಕಳನ್ನು ಓದಿಸುವ ಶಕ್ತಿ ಉಳಿದಿಲ್ಲವೆಂದೂ ಬಿಚ್ಚಿ ಬರೆದ. ಕಂಪನಿಯ ಆಡಳಿತ ಮಾಡಿದ ಹಾನಿಗೆ ಕಂಪನಿಯ ಕಡತವೇ ಸಾಕ್ಷಿಯಾಯಿತು. ಈ ವರದಿಗಳನ್ನು ಮುಂದಿಟ್ಟುಕೊಂಡು ಮನ್ರೋ 1826ರಲ್ಲಿ ಪ್ರತಿ ಜಿಲ್ಲೆಗೆ ಎರಡು ದೊಡ್ಡ ಶಾಲೆಗಳನ್ನೂ ತಾಲ್ಲೂಕಿಗೊಂದರಂತೆ 300 ದೇಶಭಾಷಾ ಶಾಲೆಗಳನ್ನೂ ತೆರೆಯುವ ಯೋಜನೆ ಮಂಡಿಸಿದ. ಮರುವರ್ಷ ಜುಲೈ 6ರಂದು ಈಗಿನ ಆಂಧ್ರಪ್ರದೇಶದ ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ. ಕೆಲವು ಶಾಲೆಗಳಷ್ಟೇ ತೆರೆದವು. ಇಂಗ್ಲಿಷ್ ಶಿಕ್ಷಣಕ್ಕೆ ಒಲವು ತಿರುಗಿದ್ದರಿಂದ 1836ರಲ್ಲಿ ಅವನ್ನೂ ಕೈಬಿಡಲಾಯಿತು. ಆ ಇಂಗ್ಲಿಷ್ ಶಿಕ್ಷಣದ ಪರವಾಗಿ ಕಲ್ಕತ್ತದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರಲ್ಲಿ 1830ರಲ್ಲಿ ಅಲ್ಲಿ ಶಾಲೆ ತೆರೆದ ಪಾದ್ರಿ ಅಲೆಕ್ಸಾಂಡರ್ ಡಫ್ ಒಬ್ಬ. ಅವನು ಕಲಿತದ್ದು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ.